ಯೋಜನೆಯಿಲ್ಲದೆ ಮೇಜಿಗೆ ಬರುವವರ ಪರವಾಗಿ

ಮಾನ್ಯ ಸಂಪಾದಕರೇ,

ತಮ್ಮ ವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಮೇಜಿನ ಮೇಲೆ ಪುಟ್ಟ ಸೇನೆಗಳನ್ನು ನಿಲ್ಲಿಸಿ ಆಡುವ ಮಿನಿಯೇಚರ್ ಯುದ್ಧದಾಟಗಳ ಕುರಿತ ಲೇಖನವನ್ನು ಸಂತೋಷದಿಂದ ಓದಿದೆ. ಈ ಆಟಗಳ ಬಗ್ಗೆ ಬರೆಯುವವರೇ ವಿರಳ. ಬರೆದವರೂ ಬಣ್ಣ ಹಚ್ಚಿದ ಗೊಂಬೆಗಳ ಚೆಲುವನ್ನು ಹೊಗಳಿ ಸುಮ್ಮನಾಗುವುದೇ ಹೆಚ್ಚು. ತಮ್ಮ ಲೇಖಕರು ಆಟದ ಒಳಗನ್ನೂ ಇಣುಕಿ ನೋಡಿದ್ದಾರೆ, ಅದಕ್ಕಾಗಿ ಅವರಿಗೆ ಕೃತಜ್ಞತೆಗಳು. ಆದರೆ ಲೇಖನದ ಕೊನೆಯಲ್ಲಿ, ಎಚ್ಚರಿಕೆಯಿಂದ ಹೆಣೆದ ಕಾರ್ಯತಂತ್ರವಿಲ್ಲದವರು ಸ್ಪರ್ಧೆಗೆ ಬಂದು ಎದುರಾಳಿಯ ಸಮಯವನ್ನು ಹಾಳುಮಾಡಬಾರದೆಂದು ಅವರು ಕೊಟ್ಟಿರುವ ತೀರ್ಪನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಅಂಥ ಕಾರ್ಯತಂತ್ರವಿಲ್ಲದೆ ಹಲವು ವರ್ಷ ಟೂರ್ನಿಗಳಲ್ಲಿ ಆಡಿದವನು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಯೋಜನೆಯಿಲ್ಲದೆ ಆಡಿದರೆ ಏನಾಗುತ್ತದೆ ಎಂಬ ಒಂದು ವಿಷಯದಲ್ಲಾದರೂ ಗೆದ್ದವರಿಗಿಂತ ನನಗೆ ಅನುಭವ ಹೆಚ್ಚೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊದಲಿಗೆ, ಕಾರ್ಯತಂತ್ರವೆಂಬ ಒಂದೇ ಮಾತಿನಲ್ಲಿ ಲೇಖಕರು ಬೇರೆಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದಾರೆ. ಮನೆಯಲ್ಲಿ ಕುಳಿತು ಯಾವ ತುಕಡಿಗೆ ಎಷ್ಟು ಪಾಯಿಂಟ್ (ಅದರ ಬಲಕ್ಕೆ ತಕ್ಕಂತೆ ಆಟ ಕಟ್ಟಿದ ಬೆಲೆ) ಎಂದು ಲೆಕ್ಕ ಹಾಕಿ ಸೇನೆಯ ಪಟ್ಟಿಯನ್ನು ಸಿದ್ಧಪಡಿಸುವುದು ಒಂದು ಕೆಲಸ. ಮೊದಲ ಸರದಿಯಿಂದ ಕೊನೆಯ ಸರದಿಯವರೆಗೆ ಯಾವ ತುಕಡಿ ಎಲ್ಲಿಗೆ ಹೋಗಬೇಕೆಂದು ಮುಂಚಿತವಾಗಿ ನಿರ್ಧರಿಸಿಕೊಂಡು ಬರುವುದು ಮತ್ತೊಂದು. ಆಟದ ನಿಯಮಗಳನ್ನೂ ಅಂಕ ಹೇಗೆ ಬರುತ್ತದೆಂಬುದನ್ನೂ ತಿಳಿದುಕೊಂಡಿರುವುದು ಇವೆರಡೂ ಅಲ್ಲದ ಮೂರನೆಯದು. ಎದುರಾಳಿಗೆ ನಾವು ಕೊಡಬೇಕಾದ ಗೌರವ ಈ ಮೂರನೆಯದರಲ್ಲಿದೆ. ಎರಡನೆಯದು ಇಲ್ಲದಿದ್ದರೆ ನಷ್ಟವಾಗುವುದು ನಮಗೇ ಹೊರತು ಎದುರಿಗೆ ನಿಂತವರಿಗಲ್ಲ.

ನನ್ನ ನಷ್ಟಗಳನ್ನೇ ಮೊದಲು ಒಪ್ಪಿಸಿಬಿಡುತ್ತೇನೆ. ಯೋಜನೆಯಿಲ್ಲದವರು ಎಲ್ಲವನ್ನೂ ದಾಳದ ಮೇಲೆ ಬಿಡುತ್ತಾರೆ, ಗರ ಬಿದ್ದಂತೆ ನಡೆಯುತ್ತಾರೆ ಎಂದು ಲೇಖಕರು ಬರೆದಿದ್ದಾರೆ. ನನ್ನ ಅನುಭವ ಸ್ವಲ್ಪ ಬೇರೆ. ನಾನು ದಾಳವನ್ನು ನಂಬಿ ಕೆಟ್ಟದ್ದಕ್ಕಿಂತ ದಾಳ ಸಾಮಾನ್ಯವಾಗಿ ಏನು ಕೊಡುತ್ತದೆಂಬುದನ್ನು ತಿಳಿಯದೆ ಕೆಟ್ಟದ್ದು ಹೆಚ್ಚು. ವಾರ್‌ಹ್ಯಾಮರ್ 40,000 ಎಂಬ ಹೆಸರಾಂತ ಯುದ್ಧದಾಟದ ತೀರಾ ಸಾಮಾನ್ಯವಾದ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಒಂದು ತುಕಡಿ ಹತ್ತು ಗುಂಡು ಹಾರಿಸುತ್ತದೆ. ದಾಳದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಗುಂಡು ತಗಲುತ್ತದೆ. ತಗಲಿದ್ದು ಗಾಯವಾಗಬೇಕಾದರೆ ನಾಲ್ಕು ಅಥವಾ ಹೆಚ್ಚು ಬೀಳಬೇಕು. ಎದುರಾಳಿ ಮೂರು ಅಥವಾ ಹೆಚ್ಚು ಹಾಕಿದರೆ ಅವನ ಸೈನಿಕನನ್ನು ಕವಚ ಕಾಪಾಡುತ್ತದೆ. ಮೂರರಲ್ಲಿ ಎರಡು, ಎರಡರಲ್ಲಿ ಒಂದು, ಮತ್ತೆ ಮೂರರಲ್ಲಿ ಒಂದು ಎಂದು ಗುಣಿಸಿದರೆ ಒಂದು ಗುಂಡು ಕೆಲಸ ಮಾಡುವ ಸಾಧ್ಯತೆ ಒಂಬತ್ತರಲ್ಲಿ ಒಂದಾಗುತ್ತದೆ. ಹತ್ತು ಗುಂಡಿಗೆ ಸರಾಸರಿ ಒಂದಕ್ಕಿಂತ ತುಸು ಹೆಚ್ಚು ಗಾಯ ದಕ್ಕುತ್ತದೆ ಅಷ್ಟೆ, ಮತ್ತು ನೂರಕ್ಕೆ ಸುಮಾರು 31 ಸಲ ಏನೂ ಆಗುವುದಿಲ್ಲ. ಈ ಲೆಕ್ಕ ಗೊತ್ತಿಲ್ಲದ ದಿನಗಳಲ್ಲಿ ಹತ್ತು ದಾಳಗಳನ್ನು ಕೈತುಂಬ ಹಿಡಿದು ಉರುಳಿಸಿ, ಏನೂ ಆಗದಿದ್ದಾಗ ನನ್ನ ಹಣೆಬರಹವನ್ನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ. ನನ್ನ ಹಣೆಬರಹ ಎಲ್ಲರ ಹಣೆಬರಹದಂತೆಯೇ ಇತ್ತೆಂಬುದು ಆಮೇಲೆ ತಿಳಿಯಿತು.

ಇದೇ ಜಾತಿಯ ಇನ್ನೊಂದು ತಪ್ಪನ್ನು ನಾನು ಬಹಳ ಕಾಲ ಧೈರ್ಯವೆಂದು ತಿಳಿದಿದ್ದೆ. ಅದೇ ಆಟದ 2023ರಲ್ಲಿ ಬಂದ 10ನೇ ಆವೃತ್ತಿಯಲ್ಲಿ, ಮೀಸಲಿಟ್ಟ ಕೆಲವು ತುಕಡಿಗಳನ್ನು ಡೀಪ್ ಸ್ಟ್ರೈಕ್ ಎಂಬ ನಿಯಮದಂತೆ ಶತ್ರುವಿನಿಂದ ಒಂಬತ್ತು ಅಂಗುಲಕ್ಕಿಂತ ಹೆಚ್ಚು ದೂರದಲ್ಲಿ ಇದ್ದಕ್ಕಿದ್ದಂತೆ ಇಳಿಸಬಹುದು. ಆ ಸರದಿಯಲ್ಲೇ ಮೈಮೇಲೆ ಬೀಳಬೇಕಾದರೆ ಎರಡು ದಾಳಗಳಲ್ಲಿ ಒಟ್ಟು ಒಂಬತ್ತಾದರೂ ಬೀಳಬೇಕು. ಎರಡು ದಾಳ ಬೀಳುವ 36 ಬಗೆಗಳಲ್ಲಿ ಒಂಬತ್ತು ಅಥವಾ ಹೆಚ್ಚು ಬರುವುದು ಹತ್ತು ಬಗೆಗಳಲ್ಲಿ ಮಾತ್ರ, ಅಂದರೆ ನೂರಕ್ಕೆ 28. ಮರುದಾಳಕ್ಕೆ ಅವಕಾಶವನ್ನು ಉಳಿಸಿಕೊಂಡಿದ್ದರೆ ಅದು 48ರ ಹತ್ತಿರಕ್ಕೆ ಏರುತ್ತದೆ, ಆಗಲೂ ಅರ್ಧವನ್ನು ದಾಟುವುದಿಲ್ಲ. ಇಡೀ ಪಂದ್ಯವನ್ನು ಇಂಥ ಒಂದು ನೆಗೆತದ ಮೇಲೆ ನಿಲ್ಲಿಸಿ ಸೋತವನನ್ನು ಯೋಜನೆಯಿಲ್ಲದವನೆಂದು ಕರೆಯುವುದು ಸರಿಯಲ್ಲ. ಅವನಿಗೆ ಯೋಜನೆ ಇತ್ತು, ಆದರೆ ಅದರ ಲೆಕ್ಕ ಗೊತ್ತಿರಲಿಲ್ಲ.

ಇನ್ನು ಅಂಕಗಳ ವಿಷಯ. ಇಲ್ಲಿ ನಾನು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ಆವೃತ್ತಿಯ ಟೂರ್ನಿ ಪಂದ್ಯವೊಂದರಲ್ಲಿ ತಲಾ 2000 ಪಾಯಿಂಟ್‌ಗಳ ಎರಡು ಸೇನೆಗಳು 60 ಅಂಗುಲ ಉದ್ದ, 44 ಅಂಗುಲ ಅಗಲದ ಮೇಜಿನ ಮೇಲೆ ಐದು ಸುತ್ತು ಆಡುತ್ತವೆ. ಒಬ್ಬ ಆಟಗಾರನಿಗೆ ಸಿಗಬಹುದಾದ ಗರಿಷ್ಠ 100 ಅಂಕಗಳಲ್ಲಿ 50 ಮುಖ್ಯ ಗುರಿಯಿಂದ, 40 ಉಪಗುರಿಗಳಿಂದ, ಉಳಿದ 10 ಸೇನೆಗೆ ಪೂರ್ತಿಯಾಗಿ ಬಣ್ಣ ಹಚ್ಚಿ ತಂದದ್ದಕ್ಕೆ. (ಎಷ್ಟೋ ಪಂದ್ಯಗಳಲ್ಲಿ ನನಗೆ ಖಾತ್ರಿಯಾಗಿ ದಕ್ಕಿದ್ದು ಈ ಕೊನೆಯ ಹತ್ತು ಮಾತ್ರ.) ಮುಖ್ಯ ಗುರಿಯೆಂದರೆ ಬಹುಮಟ್ಟಿಗೆ ಮೇಜಿನ ಮೇಲೆ ಗುರುತು ಮಾಡಿದ ಆಬ್ಜೆಕ್ಟಿವ್‌ಗಳನ್ನು ಹಿಡಿದುಕೊಳ್ಳುವುದು. ಅವುಗಳಿಂದ ಮೂರು ಅಂಗುಲದೊಳಗೆ ಯಾರ ಸೈನಿಕರ ಹಿಡಿತದ ಮೌಲ್ಯ (ಪ್ರತಿ ಸೈನಿಕನಿಗೂ ನಿಯಮದಲ್ಲಿ ಕೊಟ್ಟಿರುವ ಒಂದು ಸಂಖ್ಯೆ) ಒಟ್ಟಿನಲ್ಲಿ ಹೆಚ್ಚೋ ಅವರದೇ ಆ ಜಾಗ. ಶತ್ರುವನ್ನು ಕೊಂದದ್ದಕ್ಕೆ ಅಂಕ ಕೊಡುವ ಉಪಗುರಿಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಬರೀ ಕೊಲ್ಲುವುದರಿಂದ ಪಂದ್ಯ ಗೆಲ್ಲುವಂತಿಲ್ಲ.

ನನ್ನ ಮೊದಲ ಟೂರ್ನಿಯ ಒಂದು ಪಂದ್ಯದಲ್ಲಿ ಎದುರಾಳಿಯ ಬಳಿ ದೈತ್ಯಾಕಾರದ ಟ್ಯಾಂಕ್ ಒಂದಿತ್ತು. ಅದು ಕಣ್ಣಿಗೆ ಬಿದ್ದದ್ದೇ ತಡ, ಬೇರೆ ಯಾವುದೂ ನನಗೆ ಕಾಣಲಿಲ್ಲ. ಮೂರು ಸುತ್ತುಗಳ ಕಾಲ ನನ್ನ ಸೇನೆಯ ಅರ್ಧಕ್ಕಿಂತ ಹೆಚ್ಚು ಬಂದೂಕುಗಳು ಅದರ ಮೇಲೆಯೇ ಗುಂಡು ಸುರಿದವು, ಕೊನೆಗೆ ಅದು ಉರುಳಿತು, ನಾನು ಎದ್ದುನಿಂತು ಬೀಗಿದೆ. ಈ ನಡುವೆ ಮೇಜಿನ ಇನ್ನೊಂದು ಮೂಲೆಯಲ್ಲಿ, ಮುರಿದ ಗೋಡೆಯ ಹಿಂದೆ, ಅವನ ಐದು ಜನ ಸಾಮಾನ್ಯ ಸೈನಿಕರು ಒಂದು ಆಬ್ಜೆಕ್ಟಿವ್ ಮೇಲೆ ಏನೂ ಮಾಡದೆ ನಿಂತಿದ್ದರು. ಆ ಪಂದ್ಯದ ನಿಯಮದಂತೆ ಎರಡನೆಯ ಸುತ್ತಿನಿಂದ ಒಂದೊಂದು ಆಬ್ಜೆಕ್ಟಿವ್‌ಗೆ ಪ್ರತಿ ಸರದಿಯಲ್ಲೂ ಐದು ಅಂಕ. ಗುಂಡೊಂದನ್ನೂ ಹಾರಿಸದ ಆ ಐವರು ನಾಲ್ಕು ಸುತ್ತುಗಳಲ್ಲಿ 20 ಅಂಕ ಗಳಿಸಿಕೊಟ್ಟರು. ನಾನು ಸೋತದ್ದು ಅದಕ್ಕಿಂತ ಕಡಿಮೆ ಅಂತರದಲ್ಲಿ. ಪಂದ್ಯ ಮುಗಿದ ಮೇಲೆ ಆ ಎದುರಾಳಿ ನನ್ನನ್ನು ಹಂಗಿಸಲಿಲ್ಲ. ಗೋಡೆಯ ಹಿಂದಿನ ಐವರನ್ನು ಬೆರಳಲ್ಲಿ ತೋರಿಸಿ, “ಇವರನ್ನು ನೀವು ಒಮ್ಮೆಯೂ ನೋಡಲಿಲ್ಲ” ಎಂದಷ್ಟೇ ಹೇಳಿದರು. ಅಂದಿನಿಂದ ಪ್ರತಿ ಸರದಿಯ ಆರಂಭದಲ್ಲೂ, ಈ ಸರದಿ ಮುಗಿಯುವಾಗ ಯಾವ ಗುರುತಿನ ಮೇಲೆ ಯಾರಿರುತ್ತಾರೆಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಇದನ್ನು ಕಾರ್ಯತಂತ್ರವೆಂದು ಕರೆಯಲು ನನಗೆ ನಾಚಿಕೆಯಾಗುತ್ತದೆ. ಇದೊಂದು ಅಭ್ಯಾಸ ಮಾತ್ರ. ಆದರೆ ಇದೊಂದರಿಂದ ನನ್ನ ಸೋಲುಗಳಲ್ಲಿ ಹಲವು ಗೆಲುವುಗಳಾಗಿ ತಿರುಗಿದವು.

ಸೇನೆಯನ್ನು ಮೇಜಿನ ಮೇಲೆ ನಿಲ್ಲಿಸುವಾಗಿನ ಎಚ್ಚರವೂ ಇದೇ ಬಗೆಯದು. ಯಾರು ಮೊದಲು ಆಡಬೇಕೆಂಬುದು ಎರಡೂ ಸೇನೆಗಳು ನಿಂತ ಮೇಲೆ ದಾಳದಿಂದ ತೀರ್ಮಾನವಾಗುವ ಆಟದಲ್ಲಿ, ತಾನೇ ಮೊದಲು ಆಡುತ್ತೇನೆಂಬ ಭರವಸೆಯಿಂದ ಎಲ್ಲವನ್ನೂ ಮುಂಚೂಣಿಯಲ್ಲಿ ನಿಲ್ಲಿಸಿದವನು ಪ್ರತಿ ಎರಡು ಪಂದ್ಯಗಳಲ್ಲಿ ಒಂದನ್ನು ಆರಂಭವಾಗುವ ಮೊದಲೇ ಅರ್ಧ ಸೋತಿರುತ್ತಾನೆ. ಎರಡನೆಯವನಾಗಿಯೇ ಆಡಬೇಕಾಗುತ್ತದೆಂದು ತಿಳಿದು ಗೋಡೆಗಳ ಮರೆಯಲ್ಲಿ ನಿಲ್ಲಿಸಿಕೊಳ್ಳುವುದಕ್ಕೆ ಐದು ಸುತ್ತಿನ ನಕ್ಷೆಯೇನೂ ಬೇಡ.

ಹಾಗೆಂದು ಯೋಜನೆ ಹೆಣೆದುಕೊಂಡು ಬಂದವರು ಸದಾ ಸುಖವಾಗಿರುತ್ತಾರೆಂದೂ ತಿಳಿಯಬಾರದು. ಇಂದಿನ ಈ ಆಟಗಳ ಪೂರ್ವಜನೆನ್ನಬಹುದಾದ ಕ್ರೀಗ್‌ಸ್ಪೀಲ್ ಎಂಬ ಯುದ್ಧದಾಟವನ್ನು ಪ್ರಷ್ಯದ ಸೈನ್ಯಾಧಿಕಾರಿ ರೈಸ್ವಿಟ್ಜ್ 1824ರಲ್ಲಿ ಪ್ರಕಟಿಸಿದರು; ಅವರ ತಂದೆ ಅದಕ್ಕೂ ಮೊದಲೇ ಅದರ ಒಂದು ರೂಪವನ್ನು ಸಿದ್ಧಪಡಿಸಿದ್ದರು. ನಕ್ಷೆಯ ಮೇಲೆ ತುಕಡಿಗಳನ್ನು ಸರಿಸುವ, ದಾಳದಿಂದ ನಷ್ಟವನ್ನು ನಿರ್ಧರಿಸುವ, ತೀರ್ಪುಗಾರನೊಬ್ಬ ನಡೆಸಿಕೊಡುವ ಆ ಆಟ ಅಧಿಕಾರಿಗಳ ತರಬೇತಿಗಾಗಿ ಬಳಕೆಯಾಯಿತು. ಅದನ್ನು ಪ್ರೋತ್ಸಾಹಿಸಿದವರಲ್ಲಿ ಒಬ್ಬರು ಮುಂದೆ ಪ್ರಷ್ಯದ ಸೈನ್ಯದ ಯುದ್ಧಯೋಜನಾ ಮಂಡಳಿಯ (ಜನರಲ್ ಸ್ಟಾಫ್) ಮುಖ್ಯಸ್ಥರಾದ ಮೋಲ್ಟ್‌ಕೆ. ಶತ್ರುವಿನ ಮುಖ್ಯ ಸೈನ್ಯದೊಂದಿಗಿನ ಮೊದಲ ಮುಖಾಮುಖಿಯ ಆಚೆಗೆ ಯಾವ ಯುದ್ಧಯೋಜನೆಯನ್ನೂ ಖಚಿತವಾಗಿ ಚಾಚಲಾಗದು ಎಂಬ ಅಭಿಪ್ರಾಯವನ್ನು ದಾಖಲಿಸಿದವರೂ ಅವರೇ. ನಾನು ಕಂಡ ಅತ್ಯಂತ ದುಃಖಕರ ಪಂದ್ಯವೊಂದರಲ್ಲಿ, ಐದೂ ಸುತ್ತುಗಳ ನಡೆಗಳನ್ನು ಕಾಗದದ ಮೇಲೆ ಬರೆದುಕೊಂಡು ಬಂದಿದ್ದ ಆಟಗಾರರೊಬ್ಬರ ಮುಖ್ಯ ತುಕಡಿ ಮೊದಲ ಸರದಿಯಲ್ಲೇ ಎದುರಾಳಿಯ ಅಪರೂಪದ ದಾಳಕ್ಕೆ ಬಲಿಯಾಯಿತು. ಅವರು ಆ ಕಾಗದವನ್ನೇ ದಿಟ್ಟಿಸುತ್ತ ಕುಳಿತರು. ಉಳಿದ ಸೇನೆಯಿಂದ ಇನ್ನೂ ಗೆಲ್ಲಬಹುದಾಗಿದ್ದ ಆಟವನ್ನು ಅವರು ನೋಡಲೇ ಇಲ್ಲ. ನನ್ನಂಥವನಿಗೆ ಆ ಕಷ್ಟವಿಲ್ಲ. ಯೋಜನೆಯೇ ಇಲ್ಲದ ಮೇಲೆ ಮುರಿದುಬೀಳುವುದಾದರೂ ಏನು? ಪ್ರತಿ ಸರದಿಯಲ್ಲೂ ಮೇಜನ್ನು ಹೊಸದಾಗಿ ನೋಡಲೇಬೇಕಾದ ಅನಿವಾರ್ಯತೆ ನಮಗಿದೆ.

ಈ ಅನಿವಾರ್ಯತೆಯನ್ನೇ ಗುಣವಾಗಿಸಿಕೊಂಡ ಆಟಗಳೂ ಇವೆ ಎಂಬುದನ್ನು ಲೇಖನ ಗಮನಿಸಿಲ್ಲ. ಎರಡನೆಯ ಮಹಾಯುದ್ಧವನ್ನು ಆಧರಿಸಿದ ಬೋಲ್ಟ್ ಆ್ಯಕ್ಷನ್ ಆಟದಲ್ಲಿ ಎರಡೂ ಕಡೆಯ ಆಜ್ಞಾದಾಳಗಳನ್ನು ಒಂದೇ ಚೀಲಕ್ಕೆ ಹಾಕಿ, ನೋಡದೆ ಒಂದೊಂದಾಗಿ ತೆಗೆಯುತ್ತಾರೆ. ಯಾರ ದಾಳ ಬಂತೋ ಅವರು ಒಂದು ತುಕಡಿಯನ್ನು ನಡೆಸುತ್ತಾರೆ. ಮುಂದಿನ ನಡೆ ಯಾರದೆಂಬುದೇ ಗೊತ್ತಿಲ್ಲದಿರುವಾಗ ಉದ್ದನೆಯ ಯೋಜನೆಗಿಂತ ಈಗ ಯಾವುದು ತುರ್ತು ಎಂಬ ವಿವೇಚನೆಗೇ ಬೆಲೆ. ಅಮೆರಿಕನ್ ಫುಟ್ಬಾಲನ್ನು ಹೋಲುವ ಬ್ಲಡ್ ಬೌಲ್ ಆಟದಲ್ಲಿ ಒಬ್ಬ ಆಟಗಾರ ಚೆಂಡನ್ನು ಕೈಚೆಲ್ಲಿದರೆ ಅಥವಾ ತಾನೇ ಮುಗ್ಗರಿಸಿದರೆ ಆ ತಂಡದ ಇಡೀ ಸರದಿ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ದಾಳ ಬೇಡದ ಕೆಲಸಗಳನ್ನು ಮೊದಲು, ಅಪಾಯದ ಕೆಲಸಗಳನ್ನು ಕೊನೆಗೆ ಮಾಡುವುದನ್ನು ರೂಢಿಸಿಕೊಂಡವನು ಬೇರೆ ಯಾವ ತಂತ್ರವೂ ಇಲ್ಲದೆ ಮರ್ಯಾದೆಯಿಂದ ಆಡಬಲ್ಲ. ಎಕ್ಸ್-ವಿಂಗ್ ಆಟದಲ್ಲಿ ಇಬ್ಬರೂ ತಮ್ಮ ಬಾಹ್ಯಾಕಾಶ ಯುದ್ಧವಿಮಾನಗಳ ನಡೆಗಳನ್ನು ಮುಚ್ಚಿಟ್ಟ ಡಯಲ್‌ಗಳಲ್ಲಿ ಏಕಕಾಲಕ್ಕೆ ಆರಿಸುತ್ತಾರೆ; ಮನಸ್ಸಿಗೆ ಬಂದಂತೆ ಆಡುವವನ ಮುಂದಿನ ನಡೆಯನ್ನು ಊಹಿಸುವುದು ಪರಿಣತರಿಗೂ ಕಷ್ಟ. ಇದನ್ನು ನಾನು ದೊಡ್ಡ ಅಸ್ತ್ರವೆಂದು ಬಣ್ಣಿಸುವುದಿಲ್ಲ. ಒಂದೆರಡು ಸುತ್ತು ಬೆರಗುಗೊಳಿಸಬಹುದು, ಆಮೇಲೆ ಪರಿಣತರು ನಮ್ಮ ವಿಮಾನಗಳ ಹಿಂದೆ ಬಂದು ನಿಂತಿರುತ್ತಾರೆ.

ಲೇಖಕರ ಕಣ್ಣಿಗೆ ಬೀಳದ ಇನ್ನೊಂದು ವರ್ಗವನ್ನು ಇಲ್ಲಿ ಹೆಸರಿಸದೆ ಇರಲಾರೆ. ಯಾವುದೋ ದೊಡ್ಡ ಟೂರ್ನಿಯನ್ನು ಗೆದ್ದವರ ಸೇನಾಪಟ್ಟಿಯನ್ನು ಅಕ್ಷರಶಃ ನಕಲು ಮಾಡಿಕೊಂಡು ಬಂದು, ತಾವು ತಂತ್ರಜ್ಞರೆಂದು ಭಾವಿಸುವವರು ಪ್ರತಿ ಸ್ಪರ್ಧೆಯಲ್ಲೂ ಇರುತ್ತಾರೆ. ಆ ಪಟ್ಟಿಯಲ್ಲಿ ಒಂದು ದುರ್ಬಲ ತುಕಡಿ ಯಾಕಿದೆ, ಅದನ್ನು ಮೂಲ ಆಟಗಾರ ಯಾವಾಗ ಬಲಿಕೊಡುತ್ತಿದ್ದ, ಯಾವ ಉಪಗುರಿಗಾಗಿ ಅದನ್ನು ಉಳಿಸಿಕೊಳ್ಳುತ್ತಿದ್ದ ಎಂಬುದು ಪಟ್ಟಿಯ ಜೊತೆಗೆ ಬರುವುದಿಲ್ಲ. ಮೇಲಾಗಿ ತಯಾರಕರು ಆಗಾಗ ಪಾಯಿಂಟ್‌ಗಳನ್ನೂ ನಿಯಮಗಳನ್ನೂ ಪರಿಷ್ಕರಿಸುವುದರಿಂದ ಎರವಲು ತಂದ ಪಟ್ಟಿಗೆ ಆಯುಸ್ಸು ಕಡಿಮೆ. ತನಗೆ ಇಷ್ಟವಾದ ಗೊಂಬೆಗಳಿಗೆ ತಾನೇ ಬಣ್ಣ ಹಚ್ಚಿ, ಅವುಗಳ ಶಕ್ತಿ-ದೌರ್ಬಲ್ಯಗಳನ್ನು ಹತ್ತಾರು ಸೋಲುಗಳಲ್ಲಿ ಕಲಿತುಕೊಂಡು ಬಂದವನಿಗೆ ಯೋಜನೆಯಿಲ್ಲದಿದ್ದರೂ ತನ್ನ ಸೇನೆಯ ಪರಿಚಯವಿದೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುವಿರೆಂದು ಕೇಳಿದರೆ ನಾನು ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

ಇನ್ನು ಲೇಖಕರ ಮುಖ್ಯ ಆರೋಪವಾದ ಸಮಯದ ವಿಷಯಕ್ಕೆ ಬರುತ್ತೇನೆ. ಎದುರಾಳಿಯ ಸಮಯವನ್ನು ಹಾಳುಮಾಡುವವರು ಯಾರು? 2000 ಪಾಯಿಂಟ್‌ಗಳ ಪಂದ್ಯಕ್ಕೆ ಸಾಮಾನ್ಯವಾಗಿ ಮೂರು ಗಂಟೆಯಷ್ಟು ಕಾಲ ಕೊಡುತ್ತಾರೆ. ಅದರಲ್ಲಿ ಒಬ್ಬರೇ ಎರಡು ಗಂಟೆ ತಿಂದರೆ ಆಟ ಮೂರನೆಯ ಸುತ್ತಿನಲ್ಲೇ ನಿಂತುಹೋಗುತ್ತದೆ. ಕೊನೆಯ ಸುತ್ತುಗಳಲ್ಲಿ ಅಂಕ ಗಳಿಸುವ ಬಗೆಯ ಸೇನೆಯನ್ನು ತಂದವರಿಗೆ ಅದರಿಂದ ನೇರವಾದ ಅನ್ಯಾಯವಾಗುತ್ತದೆ. ನಾನು ಕಂಡಮಟ್ಟಿಗೆ ಹೀಗೆ ಕಾಲವನ್ನು ತಿನ್ನುವವರಲ್ಲಿ ಯೋಜನೆಯಿಲ್ಲದವರು ಕಡಿಮೆ. ನಾವು ಬೇಗ ಆಡಿ ಬೇಗ ಸೋಲುತ್ತೇವೆ. ತುಕಡಿಯೊಂದನ್ನು ಕಾಲಂಗುಲ ಆಚೆ ಇಟ್ಟು, ಈಚೆ ಇಟ್ಟು, ಮತ್ತೆ ಅಳೆದು, ತನ್ನ ಮಹಾಯೋಜನೆಗೆ ಅದು ಹೊಂದುತ್ತದೆಯೇ ಎಂದು ಕಣ್ಣುಮುಚ್ಚಿ ಚಿಂತಿಸುವವರೇ ಗಡಿಯಾರದ ಶತ್ರುಗಳು. ಇದು ಹೊಸ ಸಮಸ್ಯೆಯೂ ಅಲ್ಲ. ಆಟಿಕೆ ಸೈನಿಕರಿಂದ ಆಡುವ ಯುದ್ಧದ ನಿಯಮಗಳನ್ನು 1913ರಲ್ಲಿ ಪುಸ್ತಕರೂಪದಲ್ಲಿ ಕೊಟ್ಟ ಎಚ್. ಜಿ. ವೆಲ್ಸ್, ಮೂವತ್ತು ಸೈನಿಕರಿಗೆ ಒಂದು ನಿಮಿಷ, ಒಂದೊಂದು ಫಿರಂಗಿಗೆ ಒಂದು ನಿಮಿಷ ಎಂದು ಅಂದೇ ಕಾಲಮಿತಿಯನ್ನು ಹಾಕಿದ್ದರು. ಇಂದು ಹಲವು ಟೂರ್ನಿಗಳಲ್ಲಿ ಚೆಸ್ ಗಡಿಯಾರವನ್ನು ಮೇಜಿನ ಪಕ್ಕದಲ್ಲಿಟ್ಟು ಇಬ್ಬರಿಗೂ ಸಮನಾಗಿ ಕಾಲ ಹಂಚುತ್ತಾರೆ. ಎಲ್ಲ ಸಂಘಟಕರೂ ಇದನ್ನು ಎಲ್ಲ ಮೇಜುಗಳಿಗೂ ಕಡ್ಡಾಯ ಮಾಡಿದರೆ ಲೇಖಕರ ದೂರಿನ ಬಹುಪಾಲು ತಾನಾಗಿ ಇಲ್ಲವಾಗುತ್ತದೆ.

ಎದುರಾಳಿಗೆ ನಿಜವಾಗಿ ಬೇಸರ ತರುವ ಆಟಗಾರನನ್ನೂ ನಾನು ಬಲ್ಲೆ, ಏಕೆಂದರೆ ಒಂದು ಕಾಲದಲ್ಲಿ ನಾನೇ ಅವನಾಗಿದ್ದೆ. ತನ್ನ ತುಕಡಿ ಎಷ್ಟು ಅಂಗುಲ ನಡೆಯುತ್ತದೆಂಬುದನ್ನು ಪ್ರತಿ ಬಾರಿಯೂ ಪುಸ್ತಕ ತೆರೆದು ಹುಡುಕುವವನು, ತನ್ನ ಸೇನೆಯ ವಿಶೇಷ ನಿಯಮಗಳನ್ನು ಆಟ ಅರ್ಧವಾದ ಮೇಲೆ ನೆನಪಿಸಿಕೊಂಡು ಹಿಂದಿನ ನಡೆಯನ್ನು ತಿದ್ದಲು ಕೇಳುವವನು, ಸೋಲು ಕಂಡಕೂಡಲೇ ದಾಳವನ್ನು ದೂಷಿಸುತ್ತ ಉಳಿದ ಸುತ್ತುಗಳನ್ನು ಅನ್ಯಮನಸ್ಕನಾಗಿ ಆಡುವವನು. ಈ ದೋಷಗಳಿಗೆಲ್ಲ ಕಾರ್ಯತಂತ್ರ ಮದ್ದಲ್ಲ; ಹಿಂದಿನ ರಾತ್ರಿ ಒಂದು ಗಂಟೆ ತನ್ನ ಸೇನೆಯ ನಿಯಮಗಳನ್ನು ಓದಿಕೊಂಡು, ಅಂಗೈಯಗಲದ ಕಾಗದದಲ್ಲಿ ಮುಖ್ಯ ಸಂಖ್ಯೆಗಳನ್ನು ಬರೆದಿಟ್ಟುಕೊಂಡರೆ ಸಾಕು. ಜೊತೆಗೆ, ತುಕಡಿಯನ್ನು ಸರಿಸುವಾಗ “ಇದು ನಿಮ್ಮ ಫಿರಂಗಿಗೆ ಕಾಣದಂತೆ ನಿಲ್ಲಿಸುತ್ತಿದ್ದೇನೆ, ಒಪ್ಪಿಗೆಯೇ?” ಎಂದು ಉದ್ದೇಶವನ್ನು ಬಾಯಿಬಿಟ್ಟು ಹೇಳಿ ಆಡುವ ಪದ್ಧತಿಯನ್ನು ರೂಢಿಸಿಕೊಂಡರೆ ಜಗಳಗಳೂ ಕಡಿಮೆ, ಅಳತೆಗಳೂ ಕಡಿಮೆ.

ಬಲ್ಲವರಿಗೆ ಅಲ್ಪರೊಡನೆ ಆಡಬೇಕಾಗಿ ಬರುವುದೇ ಸಮಯದ ನಷ್ಟವೆಂದು ಲೇಖಕರ ಇಂಗಿತವಿದ್ದರೆ, ಅದಕ್ಕೂ ವ್ಯವಸ್ಥೆಯಲ್ಲೇ ಉತ್ತರವಿದೆ. ಹೆಚ್ಚಿನ ಟೂರ್ನಿಗಳು ಸ್ವಿಸ್ ಪದ್ಧತಿಯವು: ಸೋತವರು ಹೊರಬೀಳುವುದಿಲ್ಲ, ಪ್ರತಿ ಪಂದ್ಯದ ನಂತರ ಗೆಲುವಿನ ಲೆಕ್ಕದಲ್ಲಿ ಸಮಾನರಾದವರು ಪರಸ್ಪರ ಎದುರಾಗುತ್ತಾರೆ. 32 ಜನರಿರುವಲ್ಲಿ ಐದು ಪಂದ್ಯ ಮುಗಿಯುವಷ್ಟರಲ್ಲಿ, ಸಮಬಲಗಳಾಗದಿದ್ದರೆ, ಅಜೇಯನಾಗಿ ಉಳಿಯುವವನು ಒಬ್ಬನೇ. ನನ್ನಂಥವರು ಮೊದಲ ಪಂದ್ಯದಲ್ಲಿ ಯಾರಿಗೋ ಸುಲಭದ ತುತ್ತಾಗಿ, ಎರಡನೆಯ ಪಂದ್ಯದಿಂದಲೇ ಕೆಳಗಿನ ಮೇಜುಗಳಿಗೆ ಇಳಿದು, ನಮ್ಮಂಥವರ ಜೊತೆಗೇ ಆಡುತ್ತಿರುತ್ತೇವೆ. ಕೆಳಗಿನ ಮೇಜುಗಳಲ್ಲಿ ನಗು ಹೆಚ್ಚು, ತೀರ್ಪುಗಾರರನ್ನು ಕರೆಯುವುದು ಕಡಿಮೆ. ಮೇಲಿನ ಮೇಜಿನವರ ಸಮಯವನ್ನು ನಾವು ಹಾಳುಮಾಡುವುದು ಬಹಳವೆಂದರೆ ಒಂದು ಪಂದ್ಯದ ಮಟ್ಟಿಗೆ, ಅದೂ ಅವರಿಗೆ ಗೆಲುವನ್ನು ಕೊಟ್ಟೇ. ಮತ್ತು ಕೆಳಗಿನ ಮೇಜುಗಳೇ ಇಲ್ಲದಿದ್ದರೆ ಮೇಲಿನ ಮೇಜುಗಳಾದರೂ ಎಲ್ಲಿಂದ ಬರಬೇಕು? ಅರ್ಧ ಆಟಗಾರರನ್ನು ಬಾಗಿಲಲ್ಲೇ ತಡೆದರೆ ಉಳಿದರ್ಧದಲ್ಲಿ ಮತ್ತೆ ಅರ್ಧದಷ್ಟು ಜನ ಸೋಲುತ್ತಾರೆ. ಆಗ ಅವರ ಯೋಜನೆ ಸಾಲದೆಂದು ಇನ್ನೊಬ್ಬರು ಲೇಖನ ಬರೆಯುತ್ತಾರೆ.

ಸಂಘಟಕರಿಗೆ ನನ್ನದೊಂದು ಬೇಡಿಕೆಯೂ ಇದೆ. ಟೂರ್ನಿಯ ಪ್ರಕಟಣೆಯಲ್ಲಿ ಪಂದ್ಯಗಳ ಗುರಿಗಳನ್ನೂ ಮೇಜಿನ ಮೇಲಿನ ಕಟ್ಟಡಗಳ ನಕ್ಷೆಯನ್ನೂ ಮುಂಚಿತವಾಗಿ ಕೊಡುವುದು ಹಲವೆಡೆ ರೂಢಿಯಲ್ಲಿದೆ. ಅದರೊಂದಿಗೆ, ಪಂದ್ಯವನ್ನು ನಿಗದಿತ ಕಾಲದಲ್ಲಿ ಮುಗಿಸುವಷ್ಟು ನಿಯಮಜ್ಞಾನ ಅಗತ್ಯವೆಂದೂ, ಅದಕ್ಕಿಂತ ಹೆಚ್ಚಿನ ಪರಿಣತಿಯ ನಿರೀಕ್ಷೆಯಿಲ್ಲವೆಂದೂ ಸ್ಪಷ್ಟವಾಗಿ ಬರೆದರೆ ಹೊಸಬರು ಅನಗತ್ಯವಾಗಿ ಹೆದರುವುದೂ ತಪ್ಪುತ್ತದೆ, ಏನೂ ಓದದೆ ಬರುವುದೂ ತಪ್ಪುತ್ತದೆ.

ಕೊನೆಯದಾಗಿ, ತಮ್ಮ ಲೇಖನದಲ್ಲಿರುವ ಒಂದು ತಪ್ಪನ್ನು ತಿದ್ದಬೇಕೆಂದು ಕೋರುತ್ತೇನೆ. ಮೇಜಿನ ಮೇಲೆ ಕೊನೆಗೆ ಯಾರ ಸೈನಿಕರು ಹೆಚ್ಚು ಉಳಿದಿರುತ್ತಾರೋ ಅವರೇ ವಿಜೇತರೆಂದು ಅಲ್ಲಿ ಅಚ್ಚಾಗಿದೆ. ಆ ಒಂದು ವಾಕ್ಯವನ್ನು ನಂಬಿ ಮೊದಲ ಟೂರ್ನಿಗೆ ಹೋಗುವ ಓದುಗರು ನಾನು ಮಾಡಿದಂತೆಯೇ ಮೂರು ಸುತ್ತು ಟ್ಯಾಂಕ್ ಒಂದನ್ನು ಅಟ್ಟಿಸಿಕೊಂಡು ಹೋಗುತ್ತಾರೆ, ಮತ್ತು ಗೋಡೆಯ ಹಿಂದಿನ ಐವರನ್ನು ಅವರೂ ನೋಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಕೆಳಗಿನ ಮೇಜಿನ ಒಬ್ಬ ಆಟಗಾರ